ಹೊರೆ ಹಗುರಾದರೆ ಘಟ್ಟ ಹತ್ತಿರ

(ಸೈಕಲ್ ಜಾಥಾಕ್ಕೆ ಹೊರಡಲಿರುವ ವಿದ್ಯಾರ್ಥಿಗಳ ಪೂರ್ವಸಿದ್ಧತಾ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಸೈಕಲ್ಲಿನ ಮೇಲೆ ಸಾಮಾನು ಹೇರುವ ವಿಷಯಕ್ಕೆ ಒಂದು ಇಡೀ ಉಪನ್ಯಾಸ ಬೇಕೆ ಎಂಬ ಪ್ರಶ್ನೆ ತಮ್ಮಲ್ಲಿ ಕೆಲವರಿಗಾದರೂ ಬಂದಿರಬಹುದು. ಬೇಕು ಎಂಬುದು ನನ್ನ ಅಭಿಪ್ರಾಯ. ಬೆಳಿಗ್ಗೆಯಿಂದ ಈ ಶಿಬಿರದಲ್ಲಿ ಚರ್ಚೆಯಾಗುತ್ತಿರುವ ಎರಡು ಸಲಹೆಗಳು ಕೊನೆಗೆ ಇದೇ ವಿಷಯಕ್ಕೆ ಬಂದು ನಿಲ್ಲುತ್ತವೆ. ಜಾಥಾದ ಹಿಂದೆ ಎಲ್ಲರ ಸಾಮಾನು ಹೊತ್ತ ಜೀಪೊಂದು ಬರಲಿ ಎಂಬುದು ಮೊದಲನೆಯ ಸಲಹೆ. ಗೇರ್ ಇರುವ ಹೊಸ ಸೈಕಲ್ಲು ಉಳ್ಳವರು ಮಾತ್ರ ಘಟ್ಟದ ಭಾಗದಲ್ಲಿ ಪಾಲ್ಗೊಳ್ಳಲಿ, ಉಳಿದವರು ಬಯಲಿನಲ್ಲಿ ಸೇರಿಕೊಳ್ಳಲಿ ಎಂಬುದು ಎರಡನೆಯದು. ಎರಡೂ ಸದುದ್ದೇಶದಿಂದಲೇ ಬಂದ ಮಾತುಗಳು. ಆದರೆ ಕಾಡನ್ನು ಸೀಳಿ ರಸ್ತೆ ಅಗಲಗೊಳಿಸುವುದನ್ನು ಪ್ರಶ್ನಿಸಲು ಹೊರಟ ಜಾಥಾ ಡೀಸೆಲ್ ಜೀಪನ್ನು ಬೆನ್ನಿಗಿಟ್ಟುಕೊಂಡು ಸಾಗಿದರೆ, ದಾರಿಯ ಹಳ್ಳಿಗಳ ಜನ ಕೇಳುವ ಮೊದಲ ಪ್ರಶ್ನೆಗೇ ನಮ್ಮಲ್ಲಿ ಉತ್ತರವಿರುವುದಿಲ್ಲ. ಹೊಸ ಸೈಕಲ್ಲಿನ ಷರತ್ತು ಹಾಕಿದರೆ ಇನ್ನೊಂದು ಅನ್ಯಾಯವಾಗುತ್ತದೆ. 2006-07ರಲ್ಲಿ ಆರಂಭವಾದ ಸರ್ಕಾರಿ ಯೋಜನೆಯಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸಿಕ್ಕ ಸೈಕಲ್ಲುಗಳು ನಮ್ಮ ಎಷ್ಟೋ ಮನೆಗಳಲ್ಲಿ ಅಕ್ಕನಿಂದ ತಮ್ಮನಿಗೆ, ತಮ್ಮನಿಂದ ತಂಗಿಗೆ ದಾಟಿ ಇನ್ನೂ ಓಡುತ್ತಿವೆ. ಆ ಮಕ್ಕಳೇ ಘಟ್ಟದ ಮಕ್ಕಳು. ಅವರನ್ನು ಬಿಟ್ಟು ಘಟ್ಟದ ಜಾಥಾ ಎಂಬುದಕ್ಕೆ ಅರ್ಥವಿಲ್ಲ.

ಹೊರೆಯನ್ನು ತಿಳಿದು ಆರಿಸಿ, ತಿಳಿದು ಕಟ್ಟಿದರೆ ಈ ಎರಡೂ ಸಲಹೆಗಳ ಅಗತ್ಯ ಬೀಳುವುದಿಲ್ಲ. ಅದನ್ನು ಲೆಕ್ಕ ಸಮೇತ ತಮ್ಮ ಮುಂದಿಡುತ್ತೇನೆ.

ಹೇರೆತ್ತಿನ ಪಾಠ

ಮೋಟಾರು ರಸ್ತೆಗಳು ಬರುವ ಮೊದಲು ಕರಾವಳಿಯ ಉಪ್ಪು ಘಟ್ಟ ಹತ್ತಿದ್ದು, ಮಲೆನಾಡಿನ ಮೆಣಸು ಘಟ್ಟ ಇಳಿದದ್ದು ಹೇರೆತ್ತುಗಳ ಬೆನ್ನ ಮೇಲೆ. ಎತ್ತಿನ ಬೆನ್ನಿನ ಇಕ್ಕೆಲಗಳಲ್ಲಿ ಜೋಡಿ ಗೋಣಿ ಇಳಿಬಿಡುತ್ತಿದ್ದರು. ಎರಡೂ ಪಕ್ಕ ಸಮತೂಕ, ಭಾರವೆಲ್ಲ ಬೆನ್ನಿಗಿಂತ ಕೆಳಗೆ, ಎತ್ತಿನ ಬಲಕ್ಕೆ ತಕ್ಕಷ್ಟೇ ಹೇರು. ಈ ಮೂರು ನಿಯಮಗಳಲ್ಲಿ ಸೈಕಲ್ ಪ್ರವಾಸದ ಹೊರೆಶಾಸ್ತ್ರವೆಲ್ಲ ಅಡಗಿದೆ. ಇಂದು ಪೇಟೆಯ ಸೈಕಲ್ ಅಂಗಡಿಗಳಲ್ಲಿ 'ಪ್ಯಾನಿಯರ್' ಎಂಬ ಹೆಸರಿನಲ್ಲಿ ಮಾರುವ ಜೋಡಿ ಚೀಲ ಬೇರೇನೂ ಅಲ್ಲ. ಆ ಪದಕ್ಕೆ ಮೂಲದಲ್ಲಿ ರೊಟ್ಟಿಯ ಬುಟ್ಟಿ ಎಂದರ್ಥ. ಮುಂದೆ ಕತ್ತೆ, ಕುದುರೆಗಳ ಪಕ್ಕಕ್ಕೆ ಕಟ್ಟುವ ಬುಟ್ಟಿಗೆ ಆ ಹೆಸರಾಯಿತು. ಅಲ್ಲಿಂದ ಸೈಕಲ್ಲಿಗೆ ಬಂತು.

ಕಡಿಮೆ ಸಾಮಾನಿನಲ್ಲಿ ದೂರ ಹೋಗುವ ಪರಂಪರೆಯೂ ಸೈಕಲ್ಲಿನಷ್ಟೇ ಹಳೆಯದು. ಥಾಮಸ್ ಸ್ಟೀವನ್ಸ್ ಎಂಬಾತ 1884ರಿಂದ 1886ರ ಅವಧಿಯಲ್ಲಿ, ಮುಂದೆ ಆಳೆತ್ತರದ ಚಕ್ರವಿದ್ದ ಹಳೆಯ ಮಾದರಿಯ ಸೈಕಲ್ಲಿನ ಮೇಲೆ ಲೋಕ ಸುತ್ತಿದ. ಹ್ಯಾಂಡಲಿಗೆ ಕಟ್ಟಿದ ಒಂದು ಪುಟ್ಟ ಚೀಲದಲ್ಲಿ ಆತ ಹೊತ್ತದ್ದು ಕಾಲುಚೀಲ, ಒಂದು ಹೆಚ್ಚಿನ ಅಂಗಿ, ರಾತ್ರಿ ಗುಡಾರವೂ ಹಾಸಿಗೆಯೂ ಆಗುತ್ತಿದ್ದ ಒಂದು ಮಳೆ ಅಂಗಿ ಹಾಗೂ ಒಂದು ಪಿಸ್ತೂಲು. ಲಾಹೋರಿನಿಂದ ಕಲ್ಕತ್ತೆಯವರೆಗೆ ನಮ್ಮ ನೆಲದ ಮೇಲೂ ಆತ ಸಾಗಿದ್ದ. ನಮ್ಮವರೂ ಹಿಂದೆ ಬೀಳಲಿಲ್ಲ. 1923ರಲ್ಲಿ ಮುಂಬಯಿಯಿಂದ ಹೊರಟ ಆರು ಪಾರ್ಸಿ ತರುಣರ ಪೈಕಿ ಆದಿ ಹಕೀಮ್, ಜಾಲ್ ಬಾಪಾಸೋಲಾ ಮತ್ತು ರುಸ್ತುಂ ಭೂಮ್‌ಗರಾ 1928ರಲ್ಲಿ ಭೂಪ್ರದಕ್ಷಿಣೆ ಮುಗಿಸಿ ಮರಳಿದರು. ಅವರ ಹಿಂದೆ ಜೀಪು ಇರಲಿಲ್ಲ. ಸೈಕಲ್ಲಿಗೆ ಇಂದಿನ ಗೇರುಗಳೂ ಇರಲಿಲ್ಲ.

ತೂಕದ ಲೆಕ್ಕ

ಈಗ ಲೆಕ್ಕಕ್ಕೆ ಬರೋಣ. ಸವಾರ 60 ಕಿಲೋ, ಸೈಕಲ್ಲು 18 ಕಿಲೋ, ಸಾಮಾನು 8 ಕಿಲೋ ಎಂದು ಇಟ್ಟುಕೊಳ್ಳಿ. ಒಟ್ಟು 86 ಕಿಲೋ. ಇಷ್ಟನ್ನು 500 ಮೀಟರ್ ಎತ್ತರಕ್ಕೆ ಏರಿಸಲು ಬೇಕಾದ ಕೆಲಸ ಸುಮಾರು 421 ಕಿಲೋಜೂಲ್. ಆರೋಗ್ಯವಂತ ತರುಣ ಅಥವಾ ತರುಣಿ ಬಹುಕಾಲ ಕೊಡಬಲ್ಲ ಶಕ್ತಿಯನ್ನು 100 ವ್ಯಾಟ್ ಎಂದು ಹಿಡಿದರೆ, ಗಾಳಿ ಮತ್ತು ಟೈರಿನ ಘರ್ಷಣೆಯನ್ನು ಬದಿಗಿಟ್ಟು, ಏರಲು 70 ನಿಮಿಷ ಬೇಕು. ಸಾಮಾನು 20 ಕಿಲೋ ಆದರೆ 80 ನಿಮಿಷ. ಅಂದರೆ 12 ಕಿಲೋ ಬಿಟ್ಟು ಬಂದರೆ ಹತ್ತು ನಿಮಿಷದ ದುಡಿಮೆ ಉಳಿಯುತ್ತದೆ.

ಇನ್ನೊಂದು ಲೆಕ್ಕ ನೋಡಿ. ಸಾಧಾರಣ ಕ್ಯಾರಿಯರ್ ಬಿಟ್ಟು 300 ಗ್ರಾಂ ಹಗುರವಾದ ದುಬಾರಿ ಕ್ಯಾರಿಯರ್ ಕೊಂಡರೆ ಅದೇ ಏರಿನಲ್ಲಿ ಉಳಿಯುವುದು ಕೇವಲ 15 ಸೆಕೆಂಡು. ಹಗುರವಾದ ಸಲಕರಣೆಗಳ ಜಾಹೀರಾತುಗಳು ಈ ಎರಡನೆಯ ಲೆಕ್ಕವನ್ನು ಎಂದೂ ಹೇಳುವುದಿಲ್ಲ. ಕ್ಯಾರಿಯರ್ ಎಷ್ಟು ಹಗುರ ಎಂಬುದಕ್ಕಿಂತ ಅದರ ಮೇಲೆ ಏನು ಹೇರುತ್ತೇವೆ ಎಂಬುದು ಬಹುಪಾಲು ಮುಖ್ಯ. ಮನೆಯಲ್ಲಿ ಬಿಟ್ಟುಬಂದ ಮೂರು ಕಿಲೋ ಸಾಮಾನಿಗೆ ಯಾರೂ ಹಣ ಕೊಡಬೇಕಾಗಿಲ್ಲ.

ಹಾಗಾದರೆ ಹತ್ತು ನಿಮಿಷಕ್ಕಾಗಿ ಇಷ್ಟೊಂದು ಚಿಂತೆ ಏಕೆ ಎಂದು ಕೇಳಬಹುದು. ಏರಿಗಿಂತ ಇಳಿಜಾರು ಅಪಾಯಕಾರಿಯಾದುದರಿಂದ. 20 ಕಿಲೋ ಹೊತ್ತ ಸೈಕಲ್ಲು 500 ಮೀಟರ್ ಇಳಿಯುವಾಗ ಸುಮಾರು 480 ಕಿಲೋಜೂಲ್ ಶಕ್ತಿ ಎಲ್ಲಾದರೂ ವಿಲೇವಾರಿಯಾಗಬೇಕು. ಅಷ್ಟು ಶಾಖ ಒಂದೂವರೆ ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಬಲ್ಲದು. ನಿಧಾನವಾಗಿ ಇಳಿಯುವವರಿಗೆ ಗಾಳಿಯ ತಡೆ ಹೆಚ್ಚು ನೆರವಾಗದು. ಬಹುಪಾಲು ಭಾರ ಬ್ರೇಕಿನ ರಬ್ಬರುಗಳ ಮೇಲೆಯೇ ಬೀಳುತ್ತದೆ. ನಮ್ಮ ಹಳೆಯ ಸೈಕಲ್ಲುಗಳ ಉಕ್ಕಿನ ರಿಮ್ಮು ನೆನೆದರೆ ಬ್ರೇಕಿನ ಹಿಡಿತ ಬಹಳವಾಗಿ ಕುಗ್ಗುತ್ತದೆ. ಆಗುಂಬೆಯ 14 ತಿರುವುಗಳಂಥ ದಾರಿಯಲ್ಲಿ, ಹಿಂದಿನಿಂದ ನೂಕುವ ಹೊರೆ, ನೆನೆದ ರಿಮ್ಮು, ಎದುರಿಗೆ ಬಸ್ಸು ಇವು ಮೂರೂ ಒಮ್ಮೆಗೇ ಒದಗಿದರೆ ಏನಾಗುವುದೆಂದು ಹೇಳಬೇಕಾಗಿಲ್ಲ. ಹೊರೆ ಹಗುರವಾಗಿರಬೇಕು ಎನ್ನುವುದು ಮೊದಲಿಗೆ ಪ್ರಾಣದ ಪ್ರಶ್ನೆ. ಆಯಾಸದ ಪ್ರಶ್ನೆ ಆಮೇಲಿನದು.

ಕ್ಯಾರಿಯರ್ ಆರಿಸುವ ಬಗೆ

ನಮ್ಮ ಹಳೆಯ ಸೈಕಲ್ಲುಗಳ ಕಬ್ಬಿಣದ ಕ್ಯಾರಿಯರ್ ಭಾರವಾದುದು ನಿಜ. ಆದರೆ ಅದರ ಕಾಲುಗಳು ಹಿಂಚಕ್ರದ ಅಚ್ಚಿನ ಬಳಿಯೇ ಕೂರುವುದರಿಂದ ಭಾರ ನೇರವಾಗಿ ಚಕ್ರಕ್ಕೆ ಇಳಿಯುತ್ತದೆ. ಎಂಟು ಕಿಲೋ ಹೊರೆಗೆ ಅದು ಧಾರಾಳವಾಗಿ ಸಾಕು. ಅದನ್ನು ಕಿತ್ತು ಹೊಸದು ಹಾಕಿಸುವ ಗೋಜಿಗೆ ಹೋಗಬೇಡಿ. ತುಕ್ಕು ಕೆರೆದು, ಬೆಸುಗೆಯ ಜಾಗಗಳಲ್ಲಿ ಬಿರುಕಿದೆಯೇ ಎಂದು ಉಗುರಿನಿಂದ ತಡಕಿ ನೋಡಿ, ಬಣ್ಣ ಬಳಿದರೆ ಸಾಕು.

ಕ್ಯಾರಿಯರ್ ಇಲ್ಲದ ಹೊಸ ಮಾದರಿಯ ಸೈಕಲ್ಲು ಉಳ್ಳವರು ಕೊಳ್ಳುವಾಗ ಗಮನಿಸಬೇಕಾದ ಸಂಗತಿಗಳು ಹೀಗಿವೆ. ಪೇಟೆಯಲ್ಲಿ ಇದನ್ನು 'ರ‍್ಯಾಕ್' ಎಂದು ಕೇಳಬೇಕು. ಮುಖ್ಯವಾಗಿ ಮೂರು ಬಗೆಗಳಿವೆ. ಮೊದಲನೆಯದು ಅಲ್ಯುಮಿನಿಯಂ ಸರಳಿನದು. ಅಲ್ಯುಮಿನಿಯಂ ಉಕ್ಕಿನ ಮೂರನೆಯ ಒಂದು ಭಾಗದಷ್ಟೇ ತೂಗುತ್ತದೆ. ಆದರೆ ಅದರ ಬಿಗಿತವೂ ಮೂರನೆಯ ಒಂದು ಭಾಗವೇ. ಹಾಗಾಗಿ ಸರಳು ದಪ್ಪವಾಗಿರಬೇಕಾಗುತ್ತದೆ, ಲಾಭ ಕಣ್ಣಿಗೆ ಕಂಡಷ್ಟು ಇರುವುದಿಲ್ಲ. ಸಣ್ಣ ಸಣ್ಣ ಕುಲುಕಾಟಗಳ ದಣಿವು ಈ ಲೋಹದಲ್ಲಿ ಒಟ್ಟುಗೂಡುತ್ತ ಹೋಗಿ ಒಂದು ದಿನ ಏಕಾಏಕಿ ಮುರಿಯುವುದುಂಟು. ಮುರಿದರೆ ನಮ್ಮ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಬೆಸೆಯುವುದು ಕಷ್ಟ. ಎರಡನೆಯದು ಕ್ರೋಮಿಯಂ ಮತ್ತು ಮಾಲಿಬ್ಡಿನಂ ಬೆರೆತ ಉಕ್ಕಿನ ತೆಳು ಕೊಳವೆಯದು. ಜರ್ಮನಿಯ ಟ್ಯುಬಸ್ ಸಂಸ್ಥೆ 1988ರಿಂದ ಇಂಥವನ್ನು ತಯಾರಿಸುತ್ತಿದೆ. ಒಂದು ಕಿಲೋಗಿಂತ ಕಡಿಮೆ ತೂಗಿ 40 ಕಿಲೋ ಹೊರುವ ಮಾದರಿಗಳೂ ಇದರಲ್ಲಿವೆ. ಉತ್ತಮವಾದದ್ದೇ, ಆದರೆ ಬೆಲೆ ನಮ್ಮ ಇಡೀ ಸೈಕಲ್ಲಿನ ಬೆಲೆಯನ್ನು ಮೀರಬಹುದು. ಮೂರನೆಯದು ಸೀಟಿನ ಕಂಬಕ್ಕೆ ಮಾತ್ರ ಕಚ್ಚಿಕೊಂಡು ಹಿಂದಕ್ಕೆ ಚಾಚುವಂಥದು, ಕಾಲುಗಳಿಲ್ಲದ್ದು. ನೋಡಲು ಎಲ್ಲಕ್ಕಿಂತ ಹಗುರ. ಘಟ್ಟದ ಹೊಂಡ ಬಿದ್ದ ರಸ್ತೆಗೆ ಇದನ್ನು ಖಂಡಿತ ತರಬೇಡಿ. ಹೊರೆ ಅತ್ತಿತ್ತ ತೂಗಾಡಿದರೆ ಕಚ್ಚು ತಿರುಗಿ ಚೀಲ ಚಕ್ರಕ್ಕೆ ಬೀಳುತ್ತದೆ.

ಯಾವುದನ್ನು ಕೊಂಡರೂ ಅದು ಎಷ್ಟು ಭಾರ ಹೊರಬಲ್ಲದು ಎಂದು ಅದರ ಮೇಲೆ ಅಚ್ಚಾಗಿದೆಯೇ ನೋಡಿ. ಸೈಕಲ್ ಕ್ಯಾರಿಯರುಗಳಿಗೆ ಐಎಸ್‌ಒ 11243 ಎಂಬ ಅಂತರರಾಷ್ಟ್ರೀಯ ಮಾನಕವೇ ಇದೆ. ಅಚ್ಚಾದ ಭಾರದ ಅರ್ಧವನ್ನು ನಮ್ಮ ರಸ್ತೆಗಳ ಮಿತಿ ಎಂದು ಭಾವಿಸುವುದು ಒಳಿತು. ಕಾಲುಗಳು ಮೇಲಿನಿಂದ ಕೆಳಕ್ಕೆ ತ್ರಿಕೋನವಾಗಿ ಕೂಡಿರಬೇಕು. ಬರೀ ಎರಡು ನೇರ ಕಾಲುಗಳಿದ್ದರೆ ಹೊರೆ ಓಲಾಡುತ್ತದೆ. ನಾಲ್ಕು ಕಡೆ ಬೋಲ್ಟು ಇರಬೇಕು, ಪ್ರತಿಯೊಂದಕ್ಕೂ ಸ್ಪ್ರಿಂಗ್ ವಾಷರ್ ಇರಬೇಕು. ನನ್ನ ಅನುಭವದಲ್ಲಿ ಪ್ರಯಾಣ ಕೆಡುವುದು ಸರಳು ಮುರಿದು ಅಲ್ಲ. ಸಡಿಲಾದ ಒಂದು ಬೋಲ್ಟು ಯಾರಿಗೂ ತಿಳಿಯದಂತೆ ದಾರಿಯಲ್ಲಿ ಉದುರಿ. ಆದ್ದರಿಂದ ಪ್ರತಿ ಸಂಜೆ ಊಟಕ್ಕೆ ಮೊದಲು ಪಾನಾ ಹಿಡಿದು ಎಲ್ಲ ಬೋಲ್ಟುಗಳನ್ನೂ ಮುಟ್ಟಿ ನೋಡುವುದು ಜಾಥಾದ ನಿಯಮವಾಗಬೇಕು.

ಚೀಲ: ಕೊಳ್ಳುವುದೋ, ಹೊಲಿಯುವುದೋ?

ಶಾಲೆಯ ಚೀಲವನ್ನು ಬೆನ್ನಿಗೆ ಹಾಕಿಕೊಂಡು ಬರುತ್ತೇವೆ ಎನ್ನುವವರಿದ್ದಾರೆ. ಒಂದು ದಿನಕ್ಕೆ ಸರಿ. ಐದಾರು ದಿನ ಬೆವರಿದ ಬೆನ್ನಿಗೆ ಐದು ಕಿಲೋ ಒತ್ತಿಕೊಂಡರೆ ಭುಜ, ಕುತ್ತಿಗೆ, ಕುಂಡಿ ಮೂರೂ ನೋಯುತ್ತವೆ. ಮೇಲೆ ಕೂತ ಭಾರದಿಂದ ತಿರುವಿನಲ್ಲಿ ತೋಲನವೂ ತಪ್ಪುತ್ತದೆ. ಹೊರೆ ಸೈಕಲ್ಲಿನ ಮೇಲಿರಲಿ, ಕೆಳಗಿರಲಿ.

ಪ್ರವಾಸಿ ಚೀಲಗಳಲ್ಲಿ ಹೆಸರಾದುದು ಜರ್ಮನಿಯ ಆರ್ಟ್‌ಲೀಬ್. ಅದರ ಸ್ಥಾಪಕರು 1981ರಲ್ಲಿ ಇಂಗ್ಲೆಂಡಿನ ಮಳೆಯಲ್ಲಿ ಸೈಕಲ್ಲು ತುಳಿಯುವಾಗ ಲಾರಿಗಳ ಟಾರ್ಪಾಲಿನ್ನು ಕಂಡು, ಅದೇ ಬಟ್ಟೆಯಿಂದ ಚೀಲ ಮಾಡಬಾರದೇಕೆ ಎಂದು ಯೋಚಿಸಿದರಂತೆ. ಮರುವರ್ಷ ಸಂಸ್ಥೆ ಹುಟ್ಟಿತು. ಬಾಯನ್ನು ಮೂರು ಸುತ್ತು ಮಡಚಿ ಬಿಗಿಯುವ ಈ ಚೀಲಗಳೊಳಗೆ ನೀರು ಇಳಿಯುವುದಿಲ್ಲ. ಕ್ಯಾರಿಯರೇ ಬೇಡವೆಂದು ಸೀಟಿನ ಹಿಂದೆ, ಫ್ರೇಮಿನ ನಡುವೆ ಕಟ್ಟುವ ಉದ್ದನೆಯ ಚೀಲಗಳೂ ಬಂದಿವೆ. ತೂಕ ಕಡಿಮೆ, ಹಾಗೆಯೇ ಹಿಡಿಸುವುದೂ ಕಡಿಮೆ. ಇವು ಇದ್ದವರು ತರಲಿ. ಆದರೆ ಲಾರಿಯ ಟಾರ್ಪಾಲಿನ್ನಿನಿಂದ ಆರಂಭವಾದ ವಿದ್ಯೆ ನಮ್ಮ ಊರಿನ ದರ್ಜಿಗೂ ಎಟುಕುವಂಥದೇ ಎಂಬುದನ್ನು ನೆನಪಿಡಿ.

ನನ್ನ ಸಲಹೆ ಹೇರೆತ್ತಿನ ಗೋಣಿಯ ಮಾದರಿಯದು. ತಲಾ 28 ಸೆಂಟಿಮೀಟರ್ ಅಗಲ, 35 ಎತ್ತರ, 14 ದಪ್ಪದ ಎರಡು ಚೀಲಗಳನ್ನು ಒಂದು ಅಗಲವಾದ ಪಟ್ಟಿಯಿಂದ ಜೋಡಿಸಿ ಹೊಲಿಸಿ. ಪಟ್ಟಿಯನ್ನು ಕ್ಯಾರಿಯರಿನ ಮೇಲೆ ಹಾಸಿದರೆ ಚೀಲಗಳು ಇಕ್ಕೆಲಗಳಲ್ಲಿ ಇಳಿಬೀಳುತ್ತವೆ, ಕೊಕ್ಕೆಯ ಖರ್ಚಿಲ್ಲ. ಎರಡೂ ಸೇರಿ ಸುಮಾರು 27 ಲೀಟರ್ ಹಿಡಿಸುತ್ತದೆ. ಅದಕ್ಕಿಂತ ದೊಡ್ಡದು ಬೇಡ. ಚೀಲ ದೊಡ್ಡದಾದಷ್ಟೂ ಅದನ್ನು ತುಂಬುವ ಆಸೆಯೂ ದೊಡ್ಡದಾಗುತ್ತದೆ. ಮುಂದಿನ ಕೆಳಮೂಲೆಯನ್ನು ಓರೆಯಾಗಿ ಕತ್ತರಿಸಿ ಹೊಲಿಸಿದರೆ ತುಳಿಯುವಾಗ ಹಿಮ್ಮಡಿ ತಾಗುವುದಿಲ್ಲ. ಚಕ್ರದ ಕಡೆಯ ಮಗ್ಗುಲಿಗೆ ಅಡಿಕೆ ದಬ್ಬೆಯ ಅಥವಾ ಬಿದಿರಿನ ಎರಡು ತೆಳು ಸೀಳುಗಳನ್ನು ನುಣುಪಾಗಿ ಹೆರೆದು ಸೇರಿಸಿ. ಆಗ ಚೀಲ ಒಳಕ್ಕೆ ಬಾಗಿ ಸ್ಪೋಕುಗಳಿಗೆ ಸಿಕ್ಕುವುದಿಲ್ಲ. ಕೆಳತುದಿಯನ್ನು ಹಳೆಯ ಟ್ಯೂಬಿನ ಪಟ್ಟಿಯಿಂದ ಕ್ಯಾರಿಯರಿನ ಕಾಲಿಗೆ ಬಿಗಿಯಿರಿ.

ಬಟ್ಟೆ ಯಾವುದು? ಹತ್ತಿಯ ಕ್ಯಾನ್ವಾಸು ಗಟ್ಟಿ, ಆದರೆ ನೆನೆದರೆ ತನ್ನ ತೂಕದಷ್ಟು ನೀರು ಕುಡಿಯಬಲ್ಲದು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಸೀಮೆಯಲ್ಲಿ ಅದು ದಿನಗಟ್ಟಲೆ ಒಣಗುವುದಿಲ್ಲ. ಹಿಂಡಿ ಅಥವಾ ಗೊಬ್ಬರ ಬಂದ ಹೆಣೆದ ಪ್ಲಾಸ್ಟಿಕ್ ಚೀಲಗಳು ಎಲ್ಲರ ಮನೆಯಲ್ಲೂ ಇವೆ. ಅವು ಹಗುರ, ಗಟ್ಟಿ, ನೀರು ಕುಡಿಯುವುದಿಲ್ಲ. ಇಲ್ಲಿ ಕೃಷಿ ವಿಜ್ಞಾನದ ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಹಿಂಡಿಯ ಚೀಲ ಎಲ್ಲಕ್ಕಿಂತ ಒಳ್ಳೆಯದು. ಯೂರಿಯಾ ಚೀಲವಾದರೆ ಮೂರು ಸಲ ನೀರಿನಲ್ಲಿ ಜಾಲಿಸಿ ಒಣಗಿಸಿದ ಮೇಲೆ ಬಟ್ಟೆಬರೆ ಇಡಲು ಬಳಸಬಹುದು, ತಿನ್ನುವ ಪದಾರ್ಥ ಅದರಲ್ಲಿ ಬೇಡ. ಕೀಟನಾಶಕ, ಕಳೆನಾಶಕ ಬಂದ ಯಾವುದೇ ಚೀಲ, ಡಬ್ಬಿ, ಬಾಟಲಿಯನ್ನು ಎಷ್ಟು ತೊಳೆದರೂ ಯಾವ ಉಪಯೋಗಕ್ಕೂ ತರಬೇಡಿ. ಕುಡಿಯುವ ನೀರಿಗಂತೂ ಕನಸಿನಲ್ಲೂ ಬೇಡ. ಎರಡನೆಯದಾಗಿ, ಈ ಹೆಣೆದ ಪ್ಲಾಸ್ಟಿಕ್ಕು ಬಿಸಿಲಿಗೆ ಬಿದ್ದರೆ ಕ್ರಮೇಣ ಪುಡಿಯಾಗುತ್ತದೆ, ಆ ಪುಡಿ ನಮ್ಮ ಕಾಡಿನ ಮಣ್ಣು ಸೇರುತ್ತದೆ. ಆದ್ದರಿಂದ ಹೊರಗೆ ಹಳೆಯ ಬಟ್ಟೆಯ ಹೊದಿಕೆ ಹೊಲಿಸಿ, ಬಳಸದಿದ್ದಾಗ ನೆರಳಿನಲ್ಲಿಡಿ. ಪಿವಿಸಿ ಬಳಿದ ಟಾರ್ಪಾಲಿನ್ನಿನ ತುಂಡುಗಳು ಉಳಿದರೆ ಒಲೆಗೆ ಹಾಕಬೇಡಿ. ಅದರ ಹೊಗೆ ವಿಷ.

ಚೀಲವನ್ನು ನೂರಕ್ಕೆ ನೂರು ಜಲನಿರೋಧಕ ಮಾಡುವ ಹಟವೂ ಬೇಡ. ಹೊಲಿಗೆಯ ತೂತಿನಲ್ಲಿ ನೀರು ಜಿನುಗಿಯೇ ಜಿನುಗುತ್ತದೆ. ಬಟ್ಟೆ, ಪುಸ್ತಕಗಳನ್ನು ಒಳಗೆ ಇನ್ನೊಂದು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟರೆ ಕೆಲಸ ಮುಗಿಯಿತು.

ಎಂಟು ಕಿಲೋಗಳ ಪಟ್ಟಿ

ರಾತ್ರಿಯ ವಾಸ್ತವ್ಯ ಶಾಲೆಗಳಲ್ಲಿ ಮತ್ತು ಊರವರ ಮನೆಗಳಲ್ಲಿ ಇರುವುದರಿಂದ ಗುಡಾರ, ಒಲೆ, ಪಾತ್ರೆಗಳ ಮಾತೇ ಇಲ್ಲ. ಉಳಿದದ್ದನ್ನು ತೂಗೋಣ. ಜೋಡಿ ಚೀಲ 800 ಗ್ರಾಂ. ಹೊದಿಕೆ ಮತ್ತು ತೆಳು ಚಾಪೆ 900 ಗ್ರಾಂ. ತೊಟ್ಟದ್ದಲ್ಲದೆ ಎರಡು ಜೊತೆ ಬಟ್ಟೆ, ಟವೆಲ್ ಸೇರಿ ಒಂದೂವರೆ ಕಿಲೋ. ಮಳೆ ಅಂಗಿ 400 ಗ್ರಾಂ. ನೀರು ಎರಡು ಲೀಟರ್, ಅಂದರೆ ಎರಡು ಕಿಲೋ. ಪಂಪು, ಪಾನಾ, ಪಂಚರ್ ಸಾಮಾನು, ಒಂದು ಟ್ಯೂಬು ಸೇರಿ ಒಂದು ಕಿಲೋ. ತಟ್ಟೆ, ಲೋಟ 250 ಗ್ರಾಂ. ದಾರಿಯ ಬುತ್ತಿಗೆ ಅವಲಕ್ಕಿ, ಬೆಲ್ಲ ಅರ್ಧ ಕಿಲೋ. ಟಾರ್ಚು, ಔಷಧಿ, ಸಾಬೂನು, ನೋಟುಪುಸ್ತಕ ಎಲ್ಲ ಸೇರಿ 650 ಗ್ರಾಂ. ಕೂಡಿಸಿ ನೋಡಿ: ಸರಿಯಾಗಿ ಎಂಟು ಕಿಲೋ. ಐವರಿಗೆ ಒಂದು ಪಂಪು, ಒಂದು ಜೊತೆ ಪಾನಾ ಎಂದು ಹಂಚಿಕೊಂಡರೆ ಇನ್ನೂ ಇಳಿಯುತ್ತದೆ. ಅಜ್ಜನ ಕಾಲದ ಕಂಬಳಿ ನೆನೆದರೂ ಬೆಚ್ಚಗಿಡುತ್ತದೆ ಎಂಬುದು ಸತ್ಯ. ಆದರೆ ನೆನೆದ ಕಂಬಳಿಯನ್ನು ಸೈಕಲ್ಲಿನ ಮೇಲೆ ಹೇರಿ ಘಟ್ಟ ಹತ್ತಿಸುವವರು ನೀವೇ ಎಂಬುದೂ ಅಷ್ಟೇ ಸತ್ಯ.

ಅಡಿಕೆ ತೂಗುವ ತಕ್ಕಡಿ ಎಲ್ಲ ಊರಿನಲ್ಲೂ ಇದೆ. ಹೊರಡುವ ಮುನ್ನ ಪ್ರತಿಯೊಬ್ಬರ ಚೀಲವೂ ಅದರಲ್ಲಿ ಕೂರಲಿ.

ಕಟ್ಟುವ ಕ್ರಮ, ಪರೀಕ್ಷೆಯ ಕ್ರಮ

ಭಾರವಾದ ಹತಾರಗಳು ಚೀಲದ ತಳಕ್ಕೆ, ಅಚ್ಚಿನ ನೇರಕ್ಕೆ ಅಥವಾ ತುಸು ಮುಂದಕ್ಕೆ ಇರಲಿ. ನೀರಿನ ಬಾಟಲಿ ಫ್ರೇಮಿನ ನಡುವೆ ಇರಲಿ. ಎಡಬಲಗಳ ವ್ಯತ್ಯಾಸ ಅರ್ಧ ಕಿಲೋ ಮೀರದಿರಲಿ. ಎಲ್ಲವನ್ನೂ ಹಿಂದಕ್ಕೇ ಹೇರಿದರೆ ಕಡಿದಾದ ಏರಿನಲ್ಲಿ ಮುಂಚಕ್ರ ಹಗುರಾಗಿ ಹ್ಯಾಂಡಲ್ ಹೊಯ್ದಾಡುತ್ತದೆ. ಮಳೆ ಅಂಗಿ, ಬುತ್ತಿಗಳ ಒಂದೆರಡು ಕಿಲೋ ಗಂಟು ಹ್ಯಾಂಡಲಿನಲ್ಲಿರಲಿ, ಬ್ರೇಕಿನ ಸರಳಿಗೆ ತಾಗದಿರಲಿ. ಜೋತಾಡುವ ಹಗ್ಗ, ದುಪಟ್ಟಾ, ಟವೆಲಿನ ತುದಿ ಇವು ಚಕ್ರದ ಶತ್ರುಗಳು. ಎಲ್ಲ ತುದಿಗಳನ್ನೂ ಒಳಕ್ಕೆ ಸಿಕ್ಕಿಸಿ.

ವಿಜ್ಞಾನದ ವಿದ್ಯಾರ್ಥಿಗಳಾದ ನೀವು ನನ್ನ ಮಾತನ್ನು ನಂಬಬೇಕಾಗಿಲ್ಲ, ಪರೀಕ್ಷಿಸಿ ನೋಡಿ. ಹೊರೆ ಕಟ್ಟಿದ ಸೈಕಲ್ಲಿನ ಹಿಂಭಾಗವನ್ನು ಒಂದು ಗೇಣು ಎತ್ತಿ ಹತ್ತು ಸಲ ಬಿಡಿ. ಏನು ಸಡಿಲಾಯಿತು ನೋಡಿ. ಸೀಟು ಹಿಡಿದು ಅಲುಗಿಸಿ. ಹೊರೆ ಸೈಕಲ್ಲಿನೊಂದಿಗೇ ಅಲುಗಬೇಕು, ತಡವಾಗಿ ಅಲುಗಿದರೆ ಕಟ್ಟು ಸರಿಯಿಲ್ಲ. ಚೀಲದೊಳಗೆ ಒಣ ಪತ್ರಿಕೆ ಇಟ್ಟು ಎರಡು ಕೊಡ ನೀರು ಸುರಿಯಿರಿ. ಎಲ್ಲಿ ನೆನೆಯಿತೆಂದು ಪತ್ರಿಕೆಯೇ ಹೇಳುತ್ತದೆ. ಕೊನೆಗೆ ಊರಿನ ಮಣ್ಣುರಸ್ತೆಯಲ್ಲಿ ಐದು ಕಿಲೋಮೀಟರ್ ಓಡಿಸಿ. ಈ ನಾಲ್ಕರಲ್ಲಿ ಗೆದ್ದ ಹೊರೆ ಘಟ್ಟವನ್ನೂ ಗೆಲ್ಲುತ್ತದೆ.

ಇಳಿಜಾರಿಗೆ ಒಂದೇ ಮಾತು. ಮಳೆ ಬಂದರೆ, ರಾಡ್ ಬ್ರೇಕಿನ ಸೈಕಲ್ಲಿನವರು ತಿರುವುಗಳಲ್ಲಿ ಇಳಿದು ನಡೆಯಬೇಕು. ಏರಿನಲ್ಲಿ ಗೇರ್ ಇಲ್ಲದವರು ತಳ್ಳಿಕೊಂಡು ನಡೆಯುತ್ತಾರೆ. ಗೇರ್ ಇರುವವರು ಅವರ ಜೊತೆ ಇಳಿದು ನಡೆಯಲಿ. 1987-88ರ 'ಪಶ್ಚಿಮ ಘಟ್ಟ ಉಳಿಸಿ' ಯಾತ್ರೆಯಲ್ಲಿ ನಮ್ಮ ಹಿರಿಯರು ಸಹ್ಯಾದ್ರಿಯ ಉದ್ದಕ್ಕೂ ನಡೆದೇ ಸಾಗಿದ್ದರು. ನಡಿಗೆ ನಮ್ಮ ಚಳವಳಿಗೆ ಹೊಸದಲ್ಲ, ಅವಮಾನವೂ ಅಲ್ಲ.

ಜೀಪಿನ ಪ್ರಶ್ನೆ

ಈಗ ಬೆಳಗಿನ ಚರ್ಚೆಗೆ ಉತ್ತರ ಕೊಡಬಹುದೆಂದು ಭಾವಿಸುತ್ತೇನೆ. ಎಂಟು ಕಿಲೋ ಹೊರೆಗೆ ಜೀಪು ಬೇಕಿಲ್ಲ. ಎಂಟು ಕಿಲೋ ಹೊರೆಗೆ ಹೊಸ ಸೈಕಲ್ಲೂ ಬೇಕಿಲ್ಲ. ಜ್ವರ ಬಂದವರನ್ನು, ಬಿದ್ದು ಗಾಯಗೊಂಡವರನ್ನು ಕರೆದೊಯ್ಯಲು ಪ್ರತಿ ತಂಗುದಾಣದ ಊರಿನಲ್ಲಿ ಯಾರದಾದರೂ ವಾಹನ ಕರೆದೊಡನೆ ಸಿಗುವಂತೆ ಮೊದಲೇ ಮಾತನಾಡಿಟ್ಟರೆ ಸಾಕು. ಅದು ಆಪತ್ತಿಗೆ, ಹಾಸಿಗೆ ಹೊರಲು ಅಲ್ಲ.

ಸಾಮಾನು ಜೀಪಿನಲ್ಲಿ ಬರುತ್ತದೆಂದು ತಿಳಿದರೆ ಪ್ರತಿಯೊಬ್ಬರೂ ಇಪ್ಪತ್ತು ಕಿಲೋ ತರುತ್ತಾರೆ. ತಾನೇ ತುಳಿದು ಏರಿಸಬೇಕೆಂದು ತಿಳಿದರೆ ಎಂಟಕ್ಕೆ ಇಳಿಸುತ್ತಾರೆ. ಕಾಡಿನ ವಿಷಯದಲ್ಲೂ ನಡೆದಿರುವುದು ಇದೇ. ಬಳಸುವವರು ಒಬ್ಬರು, ಹೊರುವವರು ಇನ್ನೊಬ್ಬರು ಆದಾಗ ಬೇಡಿಕೆಗೆ ಮಿತಿಯೇ ಇರುವುದಿಲ್ಲ. ನಮ್ಮ ಅಗತ್ಯದ ಭಾರ ನಮ್ಮ ಕಾಲಿಗೇ ತಾಗಿದರೆ ಮಾತ್ರ ಅಗತ್ಯ ಯಾವುದು, ಆಸೆ ಯಾವುದು ಎಂಬ ವಿವೇಕ ಹುಟ್ಟುತ್ತದೆ. ಹಳ್ಳಿ ಹಳ್ಳಿಗಳಲ್ಲಿ ನೀವು ಮಾಡಲಿರುವ ಭಾಷಣಕ್ಕಿಂತ ನಿಮ್ಮ ಕ್ಯಾರಿಯರಿನ ಮೇಲಿರುವ ಪುಟ್ಟ ಜೋಡಿ ಚೀಲವನ್ನು ಜನ ಹೆಚ್ಚು ಗಮನಿಸುತ್ತಾರೆ.

ನಾಳೆ ಬೆಳಿಗ್ಗೆ ದರ್ಜಿಯವರು ಹೊಲಿಗೆ ಯಂತ್ರದೊಂದಿಗೆ ಇಲ್ಲಿಗೇ ಬರಲಿದ್ದಾರೆ. ಹಿಂಡಿ ಚೀಲ, ಹಳೆಯ ಪಂಚೆ ಅಥವಾ ಸೀರೆಯ ತುಂಡು, ಹರಿದ ಟ್ಯೂಬು, ಎರಡು ದಬ್ಬೆಯ ಸೀಳು ಇಷ್ಟನ್ನು ಪ್ರತಿಯೊಬ್ಬರೂ ತನ್ನಿ. ಸಂಜೆಯೊಳಗೆ ಎಲ್ಲರ ಚೀಲವೂ ಸಿದ್ಧವಾಗಲಿ.